ಒಂಬತ್ತು ಪರ್ಸೆಂಟಿನ ಗುಲ್ಲು

ಸಕಲೇಶಪುರ, ಆಲೂರಿನ ತೋಟಗಳಲ್ಲಿ ರಾಟ್‌ವೀಲರ್ ಸಾಕಿರುವ ಹೊಸ ತಲೆಮಾರಿನವರಿಗೆ ಒಂದು ಅಂಕಿ ಬಾಯಿಪಾಠವಾಗಿದೆ. ನಾಯಿಯ ಗುಣದಲ್ಲಿ ತಳಿಯ ಪಾಲು ಬರೀ 9 ಪರ್ಸೆಂಟ್. ಉಳಿದದ್ದೆಲ್ಲ ಸಾಕಿದವರ ಕೈಯಲ್ಲಿದೆ. ಮೊದಲ ಮಾತು ನಿಜ. ಎರಡನೆಯದನ್ನು ಯಾವ ವಿಜ್ಞಾನಿಯೂ ಹೇಳಿಲ್ಲ.

ಅಂಕಿಯ ಮೂಲ 2022ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧ. ಕ್ಯಾಥ್ಲೀನ್ ಮೊರಿಲ್, ಎಲಿನಾರ್ ಕಾರ್ಲ್‌ಸನ್ ಮತ್ತು ಸಂಗಡಿಗರು 18,385 ನಾಯಿಗಳ ಬಗ್ಗೆ ಅವುಗಳ ಒಡೆಯರಿಂದ ಪ್ರಶ್ನಾವಳಿ ತುಂಬಿಸಿಕೊಂಡು, 2,155 ನಾಯಿಗಳ ಡಿಎನ್‌ಎ ಓದಿದರು. ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಪರ್ಸೆಂಟ್ ಎಂದರು. ಕೆಣಕಿದಾಗ ಎಷ್ಟು ಬೇಗ ತಿರುಗಿಬೀಳುತ್ತದೆ ಎಂಬ ಗುಣಕ್ಕಂತೂ ತಳಿಯ ಹೆಸರು ಹೆಚ್ಚುಕಡಿಮೆ ಏನನ್ನೂ ಹೇಳದು ಎಂದರು. ಶ್ರಮದ, ಪ್ರಾಮಾಣಿಕ ಕೆಲಸ. ತಕರಾರು ಅದಕ್ಕೆ ಬಂದಿರುವ ಕೀರ್ತಿಯ ಬಗ್ಗೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಅಳೆದ ಗುಣಗಳಲ್ಲಿ ಹೆಚ್ಚಿನವು ಅನುವಂಶೀಯ. ನಾಯಿ ನಾಯಿಗಳ ನಡುವಿನ ವ್ಯತ್ಯಾಸದಲ್ಲಿ ಕಾಲುಭಾಗಕ್ಕೂ ಮಿಕ್ಕಿದ್ದು ರಕ್ತದಿಂದ ಬಂದದ್ದು. ಕಾಲುಭಾಗ ಮತ್ತು ಒಂಬತ್ತು ಎರಡೂ ಸರಿಯಾಗಿರುವುದು ಹೇಗೆ? ತಳಿಯ ಹೆಸರು ಬೇರೆ, ಹೆತ್ತ ತಾಯಿ-ತಂದೆ ಬೇರೆ, ಅದಕ್ಕೆ. ಒಂದೇ ತಳಿಯೊಳಗೆ ಸೌಮ್ಯ ಮನೆತನಗಳೂ ಇರುತ್ತವೆ, ಸಿಡುಕು ಮನೆತನಗಳೂ ಇರುತ್ತವೆ. ತಳಿಯ ಸರಾಸರಿ ತೆಗೆದಾಗ ಈ ಭೇದ ಅಳಿಸಿಹೋಗುತ್ತದೆ. ತಳಿಯಿಂದ ಗುಣ ಹೇಳಲಾಗದು ಎಂಬ ಮಾತನ್ನು ಗುಣ ಹುಟ್ಟಿನಿಂದ ಬಾರದು ಎಂದು ತಿರುಚಿದ್ದೇ ಈ ಅಂಕಿಯ ಯಶಸ್ಸಿನ ಗುಟ್ಟು. ಜೊತೆಗೆ ಆ ಉತ್ತರಗಳೆಲ್ಲ ಬಹುಪಾಲು ಅಮೆರಿಕದ ಮನೆಯೊಳಗಿನ ನಾಯಿಗಳನ್ನು ಕುರಿತದ್ದು, ಬರೆದವರು ಅವುಗಳ ಒಡೆಯರು. ಹಗಲಿಡೀ ಕಣದ ಪಕ್ಕ ಸರಪಳಿಯಲ್ಲಿದ್ದು, ಕತ್ತಲಾದ ಮೇಲೆ ಬಿಚ್ಚಿಸಿಕೊಂಡು, ಕೂಲಿ ಲೈನಿನ ಮಕ್ಕಳ ಓಡಾಟವನ್ನೂ ಚಿರತೆಯ ವಾಸನೆಯನ್ನೂ ಒಟ್ಟಿಗೆ ಎದುರಿಸುವ ನಾಯಿಯ ಬಗ್ಗೆ ಆ ಪ್ರಶ್ನಾವಳಿಗೆ ಗೊತ್ತಿರುವುದು ಕಡಿಮೆ.

ತೇಜಸ್ವಿಯವರ ಬರಹಗಳಲ್ಲಿ ಬರುವ ‘ಕಿವಿ’ ಎಂಬ ನಾಯಿಯ ಬಗ್ಗೆ ಓದಿ ಸ್ಪ್ಯಾನಿಯಲ್‌ಗಳ ಮೇಲೆ ಮೋಹ ಬೆಳೆಸಿಕೊಂಡವರು ನಮ್ಮಲ್ಲಿ ಬಹಳ. ಅವರು ಪೋಡ್ಬರ್‌ಸೆಕ್ ಮತ್ತು ಸರ್ಪೆಲ್ 1996ರಲ್ಲಿ ಬ್ರಿಟನ್ನಿನ ಕಾಕರ್ ಸ್ಪ್ಯಾನಿಯಲ್‌ಗಳ ಮೇಲೆ ಪ್ರಕಟಿಸಿದ್ದನ್ನು ನೋಡಬೇಕು. ತಳಿ ಒಂದೇ, ಆದರೂ ಮೈಯೆಲ್ಲ ಒಂದೇ ಬಣ್ಣದವು ಮಚ್ಚೆಯವಕ್ಕಿಂತ ಸಿಡುಕಿನವು. ಅವುಗಳಲ್ಲೂ ಕೆಂಪು-ಹೊಂಬಣ್ಣದವು ಕರಿಯವನ್ನು ಮೀರಿಸಿದವು. ಬಣ್ಣ ನೋಡಿ ಕೂಡಿಸುತ್ತ ಹೋದವರು ಅದರ ಜೊತೆಗೇ ಕೋಪವನ್ನೂ ಸಾಕುತ್ತ ಬಂದರು ಎಂದೇ ನಾನು ಇದನ್ನು ಓದುತ್ತೇನೆ.

‘ನಾಯಿ ಕೆಟ್ಟದ್ದಲ್ಲ, ಸಾಕಿದವನು ಕೆಟ್ಟವನು’ ಎನ್ನುವವರೊಡನೆ ನನ್ನ ಜಗಳ ಹಳೆಯದು. ಮುಧೋಳದ ಮರಿ ತಂದು, ಮೊಲ ಕಂಡರೆ ಕಲಿಸದೆಯೇ ಓಡುತ್ತದೆ, ರಕ್ತದಲ್ಲೇ ಬಂದದ್ದು ಎಂದು ಹೆಮ್ಮೆಪಡುವವರೂ ಇವರೇ. ಓಟ ರಕ್ತದ್ದು, ಮೂಸುವುದು ರಕ್ತದ್ದು, ಕಚ್ಚುವುದು ಮಾತ್ರ ಒಡೆಯನದ್ದೇ? 1959ರಲ್ಲಿ ಬೆಲ್ಯಾಯೆವ್ ಶುರುಮಾಡಿ ಲ್ಯುದ್ಮಿಲಾ ತ್ರುತ್ ಮುಂದುವರಿಸಿದ ಸೈಬೀರಿಯಾದ ನರಿಗಳ ಪ್ರಯೋಗ ಎಲ್ಲರಿಗೂ ಗೊತ್ತು. ಸಾಧು ನರಿಗಳ ಫೋಟೋ ಎಲ್ಲರೂ ನೋಡಿದ್ದಾರೆ. ಅದೇ ಕೇಂದ್ರದಲ್ಲಿ ಉಗ್ರ ನರಿಗಳ ಸಾಲನ್ನೂ ಬೆಳೆಸಿದರು. ಉಗ್ರ ತಾಯಿಯ ಮರಿಯನ್ನು ಸಾಧು ತಾಯಿಯ ಮಡಿಲಿಗೆ ಹಾಕಿ ನೋಡಿದರು, ಭ್ರೂಣವನ್ನೇ ಒಂದರ ಗರ್ಭದಿಂದ ಇನ್ನೊಂದಕ್ಕೆ ಸಾಗಿಸಿ ನೋಡಿದರು. ಮರಿಗಳು ಹೋದದ್ದು ಮೂಲ ರಕ್ತದ ದಾರಿಯಲ್ಲೇ.

ಎದುರು ಪಾಳಯವೂ ಇದಕ್ಕಿಂತ ಮೇಲಲ್ಲ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿಮಾಡಿ, ಆಮದು, ಸಂತಾನ, ಮಾರಾಟ ನಿಲ್ಲಿಸಲು ಸುತ್ತೋಲೆ ಕಳಿಸಿತು. ಪಟ್ಟಿಯಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಜೊತೆಗೆ ಸುಮ್ಮನೆ ‘ಟೆರಿಯರ್‌ಗಳು’ ಎಂದೂ ಇತ್ತು. ಮಡಿಲಲ್ಲಿ ಮಲಗುವ ಯಾರ್ಕ್‌ಷೈರ್ ಟೆರಿಯರ್ ಕೂಡ ಅದರೊಳಗೇ ಬರಬೇಕು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ಬರಹವಾಗಿಯೂ ಅದು ಉಳಿಯಬೇಕಾದದ್ದಾಗಿರಲಿಲ್ಲ.

ಇವರಿಬ್ಬರಿಗಿಂತ ವಾಸಿಯಾದ ವಿಮರ್ಶಕನನ್ನು ನಾನು ಕಂಡದ್ದು ಹೆತ್ತೂರಿನ ಕಡೆ. ಹಿಂದೆ ಹಂದಿ ಶಿಕಾರಿಗೆ ನಾಯಿ ಬಿಡುತ್ತಿದ್ದ ಮುದುಕ. ಮರಿ ಆರಿಸಿಕೊಡಿ ಎಂದು ಕರೆದೊಯ್ದರೆ ಮರಿಗಳ ಕಡೆ ತಿರುಗಿಯೂ ನೋಡಲಿಲ್ಲ. ತಾಯಿಗೆ ಅನ್ನ ಹಾಕಿಸಿ, ಅರ್ಧ ತಿಂದಾಗ ಮನೆಯಾಕೆಯಿಂದಲೇ ತಟ್ಟೆ ಎಳೆಸಿದ. ನಾಯಿ ಗುರ್ ಎಂದಿತು. ಅದಕ್ಕೆ ಆತ ಬೆಲೆ ಕೊಡಲಿಲ್ಲ. ತಟ್ಟೆ ಮರಳಿ ಇಟ್ಟ ಮೇಲೆ ಎಷ್ಟು ಹೊತ್ತಿಗೆ ಬೆನ್ನಿನ ಕೂದಲು ಇಳಿಯಿತು ಎಂದು ನೋಡುತ್ತ ಕೂತ. ಆಮೇಲೆ ಕೇಳಿದ್ದು, ‘ಗಂಡು ಯಾರ ಮನೇದು? ಲೈನಿನ ಹುಡುಗ್ರ ಮೇಲೆ ಎರಗಿದ್ದುಂಟಾ?’ ಮರಿ ಕಾಯುವ ತಾಯಿ ಎಂದಿನಂತಿರುವುದಿಲ್ಲ, ಭಯವೂ ಸಿಟ್ಟಿನ ಹಾಗೆ ಕಾಣುತ್ತದೆ. ಈ ಪರೀಕ್ಷೆಗೂ ಮಿತಿಯುಂಟು. ಆದರೆ ಆತ ಕೇಳಿದ್ದು ಮನೆತನವನ್ನು, ತಳಿಯನ್ನಲ್ಲ. ಬೀಜ ಯಾವ ತೋಟದ್ದು ಎಂದು ವಿಚಾರಿಸದೆ ಕಾಫಿ ಸಸಿ ಮಡಿ ಹಾಕದ ನಮ್ಮ ಬೆಳೆಗಾರರು ನಾಯಿಮರಿಯನ್ನು ಮಾತ್ರ ಮೊಬೈಲ್ ಫೋಟೋ ನೋಡಿ ಬುಕ್ ಮಾಡುತ್ತಾರೆ.

ಸಾಕಣೆಗೆ ಪಾಲಿಲ್ಲವೆಂದಲ್ಲ. ಮರಿ ಮನುಷ್ಯರಿಗೆ ಒಗ್ಗುವ ಕಾಲ ಸುಮಾರು ಮೂರರಿಂದ ಹನ್ನೆರಡು ವಾರ ಎಂದು ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ಬರೆದರು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮಗಳಿವೆ. ಆದರೂ ಪೇಟೆಯಲ್ಲಿ ‘ನಲವತ್ತೈದು ದಿನದ ಮರಿ’ ಎಂಬ ಮಾತು ಸಲೀಸಾಗಿ ನಡೆಯುತ್ತದೆ. ಇಲಾಖೆ ಮತ್ತೆ ಸುತ್ತೋಲೆ ಬರೆಯುವುದಾದರೆ ತಳಿಗಳ ಪಟ್ಟಿಯನ್ನು ಬದಿಗಿಡಲಿ. ಮರಿ ಮಾರುವವರು ಇಡಬೇಕಾದ ದಾಖಲೆಯಲ್ಲಿ ತಾಯಿ-ತಂದೆ ಯಾರನ್ನಾದರೂ ಕಚ್ಚಿವೆಯೇ ಎಂಬ ಒಂದು ಕಾಲಂ ಸೇರಿಸಿ, ಅದನ್ನು ಕೊಳ್ಳುವವರ ಮುಂದಿಡುವುದನ್ನು ಕಡ್ಡಾಯ ಮಾಡಲಿ. ಅದಕ್ಕೆ ಮೊದಲು ಅಡ್ಡಬರುವವರು ಒಂಬತ್ತು ಪರ್ಸೆಂಟಿನವರೇ.