ಚದರಡಿ ದರದ ಭ್ರಮೆ

ಮನೆ ಕಟ್ಟಿಸುವವರಿಗೆಲ್ಲ ಪುಕ್ಕಟೆಯಾಗಿ ಸಿಗುವ ಸಲಹೆ ಒಂದಿದೆ: ‘ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಬೇಕಾ? ನೇರ ಬೆಂಗಳೂರು ಪಕ್ಕದ ಜಿಗಣಿಯ ಕಲ್ಲಿನಂಗಡಿಗಳಿಗೆ ಹೋಗಿ. ಚೌಕಾಸಿ ಮಾಡಿದರೆ ಚದರಡಿಗೆ ಇಪ್ಪತ್ತು ರೂಪಾಯಿ ಇಳಿಸುತ್ತಾರೆ.’ ಇಳಿಸಿದರು ಅನ್ನೋಣ. ಉಳಿಯುವುದೆಷ್ಟು? ಒಂದು ಗೋಡೆಗೆ 10 ಅಡಿ, ಇನ್ನೊಂದಕ್ಕೆ 8 ಅಡಿ, ಅಗಲ 2 ಅಡಿ ಇರುವ ‘ಎಲ್’ ಆಕಾರದ ಕಟ್ಟೆಗೆ, ಮೂಲೆಯನ್ನು ಎರಡು ಸಲ ಎಣಿಸದಿದ್ದರೆ, ಬೇಕಾಗುವುದು 32 ಚದರಡಿ. ಉಳಿತಾಯ ಬರೀ 640 ರೂಪಾಯಿ. ಕಲ್ಲು ತರುವ ಟೆಂಪೋ ಬಾಡಿಗೆಯೇ ಅದನ್ನು ನುಂಗಿಬಿಡಬಹುದು.

ದುಡ್ಡು ಸೋರುವುದು ದರದಲ್ಲಲ್ಲ, ಅಳತೆಯಲ್ಲಿ. ಇದೇ ಕಟ್ಟೆಗೆ 3 ಅಡಿ ಅಗಲದ ಸ್ಲ್ಯಾಬ್ ತಂದರೆ ಉದ್ದಕ್ಕೂ ಒಂದಡಿ ಪಟ್ಟಿ ಮಿಗುತ್ತದೆ. ಚದರಡಿಗೆ 150 ರೂಪಾಯಿ ಎಂದಿಟ್ಟುಕೊಂಡರೂ 16 ಚದರಡಿಗೆ 2,400 ರೂಪಾಯಿ. ಎರಡು, ಎರಡೂವರೆ ಅಡಿ ಅಗಲದ ಕಟರ್ ಸ್ಲ್ಯಾಬ್‌ಗಳು ಅಂಗಡಿಯಲ್ಲೇ ಇರುತ್ತವೆ. ನಾವು ಕೇಳುವುದಿಲ್ಲ, ಅಷ್ಟೆ. ಅಗಲದ ಕಲ್ಲೇ ಬೇಕೆಂದರೆ, ಮಿಕ್ಕ ಪಟ್ಟಿಯಲ್ಲಿ ಗೋಡೆಯ ಸ್ಕರ್ಟಿಂಗ್, ಕಿಟಕಿಯ ಕೆಳಹಾಸು ಎಷ್ಟು ಬರುತ್ತದೆಂದು ಮೊದಲೇ ಲೆಕ್ಕ ಹಾಕಬೇಕು.

ಇನ್ನು ಮೋಲ್ಡಿಂಗ್, ಅಂದರೆ ಕಲ್ಲಿನ ಅಂಚನ್ನು ಉಜ್ಜಿ ಆಕಾರ ಕೊಡುವ ಕೆಲಸ. ಇದರ ಕೂಲಿ ರನ್ನಿಂಗ್ ಅಡಿ ಲೆಕ್ಕದಲ್ಲಿ. ನಮ್ಮ ಈ ಕಟ್ಟೆಯಲ್ಲಿ ಎದುರಿಗೆ ಕಾಣುವ ಅಂಚು 14 ಅಡಿ; ಗೋಡೆಗೆ ತಾಗುವ ಬದಿಗೆ ಮೋಲ್ಡಿಂಗ್ ಬೇಕಿಲ್ಲ. ಅಂಚು ದಪ್ಪ ಕಾಣಲೆಂದು ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿದರೆ ಕಲ್ಲಿಗೂ ದುಡ್ಡು, ಕೂಲಿಗೂ ದುಡ್ಡು. ಸರಿಯಾದ ಆಧಾರವಿದ್ದರೆ 18 ಮಿ.ಮೀ. ಕಲ್ಲು ಧಾರಾಳವಾಗಿ ಸಾಕು.

‘ಹಾಗಾದರೆ ಕಡಪ ಕಲ್ಲೇ ಹಾಕಿಸಿ, ಅಗ್ಗ’ ಎನ್ನುವವರೂ ಇದ್ದಾರೆ. ಕಡಪ ಸುಣ್ಣದ ಕಲ್ಲು. ನಿಂಬೆರಸ, ಹುಣಸೆಹುಳಿ ಬಿದ್ದ ಕಡೆ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ದಿನಾ ಸಾರು ಮಾಡುವ ಮನೆಯಲ್ಲಿ ಅದರ ಜಾಗ ಕಟ್ಟೆಯ ಕೆಳಗಿನ ಶೆಲ್ಫು, ಮೇಲ್ಗಡೆಯಲ್ಲ.

ಒಂದು ಪರೀಕ್ಷೆಯನ್ನಂತೂ ಬಿಡಬೇಡಿ. ಕಪ್ಪು ಗ್ರಾನೈಟಾದರೆ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಆ ಕಲ್ಲಿಗೆ ಬಣ್ಣ ಹಾಕಿದ್ದಾರೆಂದೇ ಅರ್ಥ. ಅಂಥ ಕಲ್ಲು ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ಕಟ್ಟೆ, ಸಿಂಕು, ಒಲೆಯ ಅಳತೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಲ್ಲು, ಮೋಲ್ಡಿಂಗ್, ಸಿಂಕ್ ಕಟಿಂಗ್, ಸಾಗಣೆ, ಕೂರಿಸುವ ಕೂಲಿ ಎಲ್ಲ ಸೇರಿಸಿ ಒಟ್ಟು ಮೊತ್ತ ಕೇಳಿ. ಚೌಕಾಸಿ ಮಾಡುವುದಿದ್ದರೆ ಆ ಮೊತ್ತದ ಮೇಲೆ ಮಾಡಿ.