ಸರ್ವೆ ಕಚೇರಿಯ ಕಾಗದ: ಪಾಠವಿಮರ್ಶೆಯ ಒಂದು ಪ್ರಶ್ನೆ

ಕೈಬರಹದ ಪಾಠವನ್ನು ನಿರ್ಣಯಿಸುವಾಗ ಲಿಪಿಯನ್ನೂ ಭಾಷೆಯನ್ನೂ ಸೂಕ್ಷ್ಮವಾಗಿ ಪರೀಕ್ಷಿಸುವ ನಮ್ಮ ವಿದ್ವಾಂಸರು ಆ ಬರಹವನ್ನು ಹೊತ್ತ ಕಾಗದದ ಕಡೆಗೆ ಕಣ್ಣು ಹಾಯಿಸುವುದು ಅಪೂರ್ವ. ಇದನ್ನು ಸಣ್ಣ ಲೋಪವೆಂದು ನಾವು ಎಣಿಸಲಾರೆವು. ಬಂಡೀಪುರದ ಕಾಡಿನಂಚಿನಲ್ಲಿರುವ ಗುಂಡ್ಲುಪೇಟೆ, ಚಾಮರಾಜನಗರ ಸೀಮೆಗಳ ಸ್ಥಳಚರಿತ್ರೆಯನ್ನು ಬರೆಯಹೊರಟವರು ಮೆಕೆಂಜಿಯ ಸಂಗ್ರಹವನ್ನು ನೋಡದೆ ಇರಲಾರರು. ಈ ಲೋಪ ಬಾಧಿಸುವುದು ಅಲ್ಲಿಯೇ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕಾಲಿನ್ ಮೆಕೆಂಜಿಯು ಕಂಪೆನಿಯ ಪರವಾಗಿ ಮೈಸೂರಿನ ಸರ್ವೆಯನ್ನು ಕೈಗೊಂಡನು. 1804ರಲ್ಲಿ ಅವನು ಮಲೆಯೂರಿನ ಕನಕಗಿರಿಗೆ ಬಂದಾಗ ದೇವಚಂದ್ರನು ಅವನನ್ನು ಕಂಡು ಪೂರ್ವವೃತ್ತಾಂತಗಳನ್ನು ತಿಳಿಸಿದನು. (ಚಾಮರಾಜನಗರಕ್ಕೆ ಆಗ ಅರಿಕುಠಾರವೆಂದೇ ಹೆಸರು.) ನಾಡಿನ ಲೆಕ್ಕಪತ್ರಗಳಿಗೆ ಆಗ ಕಡತವು ಬಳಕೆಯಲ್ಲಿತ್ತು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುವ ಪದ್ಧತಿ. ಒರಸಿ ಮತ್ತೆ ಬರೆಯಬಹುದೆಂಬುದೇ ಅದರ ಗುಣ, ದೋಷವೂ ಅದೇ. ಸರ್ವೆ ಕಚೇರಿಯ ದಫ್ತರಕ್ಕೆ ಕಾಗದವೇ ಬೇಕು.

ಆ ಕಾಲದ ಕಾಗದದಲ್ಲಿ ಎರಡು ಜಾತಿ. ನಾಡಕಾಗದಕ್ಕೆ ಗಂಜಿ ಹಚ್ಚಿ ಕಲ್ಲಿನಿಂದ ಉಜ್ಜಿ ನುಣುಪು ಕೊಡುತ್ತಿದ್ದರು; ಲೇಖನಿ ಸಲೀಸಾಗಿ ಓಡುತ್ತಿತ್ತು, ಆದರೆ ಆ ಗಂಜಿಯೇ ಹುಳುಗಳಿಗೆ ಆಹಾರ. ವಿಲಾಯತಿ ಕಾಗದಕ್ಕೆ ತೊಗಲಿನಿಂದ ಕಾಯಿಸಿದ ಅಂಟಿನ ಲೇಪ. ಬೆಳಕಿಗೆ ಹಿಡಿದರೆ ನೀರಚ್ಚು ಕಾಣುತ್ತದೆ. 1794ರ ಇಂಗ್ಲೆಂಡಿನ ಕಾಯಿದೆಯಂತೆ, ರಫ್ತಾಗುವ ಕಾಗದದ ಮೇಲಿನ ಸುಂಕವನ್ನು ಹಿಂದಕ್ಕೆ ಪಡೆಯಬೇಕಾದರೆ ನೀರಚ್ಚಿನಲ್ಲಿ ವರ್ಷವಿರಬೇಕಾಗಿತ್ತು. 1811ರವರೆಗೆ ಈ ನಿಯಮ ನಡೆಯಿತು. ಸರ್ವೆಯ ಅವಧಿ ಇದರೊಳಗೇ ಬರುವುದು ನಮ್ಮ ಸುದೈವ. ಆದರೆ ಎಚ್ಚರ ಬೇಕು. ತಯಾರಕರಲ್ಲಿ ಕೆಲವರು 1794ರ ಅಚ್ಚನ್ನೇ ವರ್ಷಗಟ್ಟಲೆ ಬಳಸಿದರು. ಕಾಗದವು ಹಡಗಿನಲ್ಲಿಯೂ ಉಗ್ರಾಣದಲ್ಲಿಯೂ ಕಾಲ ಕಳೆಯುತ್ತಿತ್ತು. ಬರಹವು ಆ ವರ್ಷಕ್ಕಿಂತ ಹಿಂದಿನದಲ್ಲವೆಂದು ಹೇಳಬಹುದು, ಅಷ್ಟೇ.

ಮೆಕೆಂಜಿಯು 1821ರಲ್ಲಿ ತೀರಿಕೊಂಡನು. ವಿಲ್ಸನ್ನನು 1828ರಲ್ಲಿ ಪ್ರಕಟಿಸಿದ ಸೂಚಿ ಇಂದಿಗೂ ಉಪಯುಕ್ತವೇ. ಆದರೆ ಬರೆದ ವಸ್ತುವಿನ ವಿಷಯದಲ್ಲಿ ಅದು ಬಹುಮಟ್ಟಿಗೆ 'ಓಲೆ', 'ಕಾಗದ' ಎಂದು ಹೇಳಿ ಸುಮ್ಮನಾಗುತ್ತದೆ. ಹತ್ತು ವರ್ಷಗಳ ತರುವಾಯ ಮದರಾಸಿನಲ್ಲಿ ವಿಲಿಯಂ ಟೇಲರನು ಸಂಗ್ರಹವನ್ನು ಪರಿಶೀಲಿಸಿ, ಹುಳು ತಿಂದ, ಮಸಿ ಮಾಸಿದ ಕೆಲವು ಬರಹಗಳನ್ನು ಹೊಸ ಪುಸ್ತಕಗಳಿಗೆ ಪ್ರತಿಮಾಡಿಸಿದನು. ಅವನ ಉಪಕಾರ ದೊಡ್ಡದು. ಆದರೂ ಮಾಸಿದ ಅಕ್ಷರವನ್ನು ಊಹಿಸಿ ಬರೆದ ಪ್ರತಿಕಾರನ ಕೈಯಲ್ಲಿ ಒಂದು ಹಳ್ಳಿಯ ಹೆಸರು, ಒಬ್ಬ ಪಾಳೆಯಗಾರನ ಹೆಸರು, ಒಂದು ಶಕವರ್ಷದ ಅಂಕೆ ಬದಲಾಗಿರಬಾರದೇಕೆ? ಇಂಥ ಪ್ರತಿಯನ್ನೇ ಸರ್ವೆಯ ಕಾಲದ ಮೂಲವೆಂದು ಎಣಿಸಿ ನಾವು ಸ್ಥಳನಾಮಗಳ ನಿಷ್ಪತ್ತಿಯನ್ನು ಚರ್ಚಿಸುತ್ತೇವೆ!

ಹೀಗಾಗಿ ಗುಣಪರೀಕ್ಷೆಯ ಅರ್ಥವೇ ಇಲ್ಲಿ ತಲೆಕೆಳಗಾಗುತ್ತದೆ. ಕಚೇರಿಯವರಿಗೆ ಒಳ್ಳೆಯದಾದ, ಶುಭ್ರವಾದ, ಸಲೀಸಾಗಿ ಓದಲು ಬರುವ ಹಾಳೆಯು ನಮಗೆ ಎರಡನೆಯ ದರ್ಜೆಯ ಸಾಕ್ಷಿಯಾಗಿರಬಹುದು. ತೂತುಬಿದ್ದು ಮುಟ್ಟಿದರೆ ಉದುರುವ ನಾಡಕಾಗದವೇ ದೇವಚಂದ್ರನ ಕಾಲದವರ ಕೈಯಿಂದ ಬಂದದ್ದಾಗಿರಬಹುದು. ಸಂಪಾದಕರು ಪೀಠಿಕೆಯಲ್ಲಿ ಹಾಳೆಯ ಜಾತಿ, ನೀರಚ್ಚು, ಲೇಪ, ಮಸಿ ಇವುಗಳನ್ನು ನಾಲ್ಕು ಸಾಲಿನಲ್ಲಾದರೂ ನಮೂದಿಸಬೇಕು. ಛಾಯಾಪ್ರತಿಯನ್ನು ಮಾತ್ರ ನೋಡಿದ್ದರೆ ಅದನ್ನೂ ಹೇಳಬೇಕು. ಛಾಯಾಪ್ರತಿಯನ್ನು ಬೆಳಕಿಗೆ ಹಿಡಿದರೆ ನೀರಚ್ಚು ಕಾಣುವುದಿಲ್ಲ.