ಗಿಲ್ಮರ್ ಒಬ್ಬರೇ ನುಡಿಸುವಾಗ

ಪಿಂಕ್ ಫ್ಲಾಯ್ಡ್ ರಾಕ್ ತಂಡದ ಗುಂಗಿನಲ್ಲಿರುವವರಿಗೆ ಅದರ ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಅವರ ಸ್ವಂತ ಆಲ್ಬಮ್‌ಗಳು ಮೊದಮೊದಲು ಸಪ್ಪೆ ಎನ್ನಿಸಬಹುದು. ತಂಡದ ಹಾಡುಗಳಲ್ಲಿದ್ದ ದೊಡ್ಡ ಕಥನ, ಅಲ್ಲಿ ಜೊತೆಗಿದ್ದ ರೋಜರ್ ವಾಟರ್ಸ್ ಅವರ ಸಿಟ್ಟು ಇಲ್ಲಿಲ್ಲ. ಅದನ್ನು ಹುಡುಕಲೂ ಹೋಗಬೇಡಿ. ಒಂದೊಂದು ಸ್ವರ ಹೇಗೆ ಹುಟ್ಟಿತು, ಎಲ್ಲಿಗೇರಿತು, ಹೇಗೆ ಕರಗಿತು ಎಂಬುದಕ್ಕೆ ಕಿವಿಗೊಡಿ.

2006ರ 'ಆನ್ ಆ್ಯನ್ ಐಲೆಂಡ್'ನಿಂದ ಶುರುಮಾಡಿ. ಗಿಲ್ಮರ್‌ಗೆ ಅರವತ್ತು ತುಂಬಿದ ದಿನವೇ ಹೊರಬಂದ ಆಲ್ಬಮ್ ಇದು. ಅದರ ಮೊದಲ ಕೃತಿ, ಗ್ರೀಸಿನ ದ್ವೀಪವೊಂದರ ಹೆಸರು ಹೊತ್ತ 'ಕ್ಯಾಸ್ಟೆಲೊರಿಜಾನ್', ಬರೀ ವಾದ್ಯಸಂಗೀತ. ಗಿಟಾರ್ ಬರುವ ತನಕ ತಾಳ್ಮೆ ಬೇಕು. ಬಂದ ಮೇಲೆ, ಬೆರಳು ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರವನ್ನು ಮೇಲೇರಿಸುವುದನ್ನು ಗಮನಿಸಿ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದನ್ನು ಕೇಳಿ ಪಳಗಿದ ಕಿವಿಗೆ ಇದು ಕೂಡಲೇ ಒಗ್ಗುತ್ತದೆ. ಏರಿ ನಿಂತ ಸ್ವರ ಆಮೇಲೆ ಮೆಲ್ಲಗೆ ಕಂಪಿಸುತ್ತದೆ. ಒಮ್ಮೆ ಬೆರಳಿನಿಂದ, ಇನ್ನೊಮ್ಮೆ ತಂತಿಗಳನ್ನು ಸಡಿಲಿಸಿ ಬಿಗಿಮಾಡಲು ಬಲಗೈಯಲ್ಲಿ ಹಿಡಿದ ಟ್ರೆಮೊಲೊ ಸರಳಿನಿಂದ. ವೇಗದ ಕಸರತ್ತು ಎಲ್ಲೂ ಇಲ್ಲ. ಇದಕ್ಕಿಂತ ಚುರುಕಾಗಿ ನುಡಿಸುವವರು ಬೇಕಾದಷ್ಟು ಜನರಿದ್ದಾರೆ, ಇಷ್ಟು ಕಡಿಮೆ ಸ್ವರಗಳಲ್ಲಿ ಇಷ್ಟು ಹೇಳುವವರು ನನ್ನ ಮಟ್ಟಿಗೆ ಇನ್ನೊಬ್ಬರಿಲ್ಲ.

2015ರ 'ರ್‍ಯಾಟಲ್ ದಟ್ ಲಾಕ್' ಶೀರ್ಷಿಕೆ ಗೀತೆ ಇನ್ನೊಂದು ಬಗೆಯದು. ಫ್ರಾನ್ಸಿನ ರೈಲು ನಿಲ್ದಾಣಗಳಲ್ಲಿ ಪ್ರಕಟಣೆಗೆ ಮುಂಚೆ ನಾಲ್ಕು ಸ್ವರಗಳ ತುಣುಕೊಂದು ಕೇಳಿಬರುತ್ತದೆ. ಗಿಲ್ಮರ್ ಅದನ್ನು ಏಕ್ಸ್-ಆನ್-ಪ್ರೊವಾನ್ಸ್ ನಿಲ್ದಾಣದಲ್ಲಿ ಫೋನಿನಲ್ಲಿ ಹಿಡಿದುಕೊಂಡು ಬಂದು, ಅದರ ಮೇಲೇ ಹಾಡು ಕಟ್ಟಿದರು. ಪತ್ನಿ ಪಾಲಿ ಸ್ಯಾಮ್ಸನ್ ಕವಿ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಕಾವ್ಯದಿಂದ ಪ್ರೇರಣೆ ಪಡೆದು ಸಾಹಿತ್ಯ ಬರೆದರು. ಆ ನಾಲ್ಕು ಸ್ವರಗಳು ಹಾಡಿನಲ್ಲಿ ಎಲ್ಲೆಲ್ಲಿ ಮರಳುತ್ತವೆ, ಹುಡುಕಿ ನೋಡಿ.

1984ರ 'ಅಬೌಟ್ ಫೇಸ್' ಸದ್ಯಕ್ಕಿರಲಿ. ಆ ಕಾಲದ ರೆಕಾರ್ಡಿಂಗಿನ ಅಬ್ಬರದಲ್ಲಿ ಗಿಟಾರಿನ ಸೂಕ್ಷ್ಮ ಮುಚ್ಚಿಹೋಗುತ್ತದೆ.

2024ರ 'ಲಕ್ ಆ್ಯಂಡ್ ಸ್ಟ್ರೇಂಜ್' ಮಾತ್ರ ತಪ್ಪಿಸಿಕೊಳ್ಳಬೇಡಿ. ಶೀರ್ಷಿಕೆ ಗೀತೆಯ ಕೀಬೋರ್ಡ್ ಪಿಂಕ್ ಫ್ಲಾಯ್ಡ್‌ನ ರಿಚರ್ಡ್ ರೈಟ್ ಅವರದು. ಅವರು ತೀರಿಕೊಂಡದ್ದು 2008ರಲ್ಲಿ. ಅದಕ್ಕೆ ಹಿಂದಿನ ವರ್ಷ ಗಿಲ್ಮರ್ ಮನೆಯ ಕೊಟ್ಟಿಗೆಯಲ್ಲಿ ಇಬ್ಬರೂ ಕೂಡಿ ನುಡಿಸಿದ್ದ ಧ್ವನಿಮುದ್ರಣದ ಮೇಲೆ ಈ ಹಾಡು ನಿಂತಿದೆ. ಎರಡನೆಯ ಸಲ ಕೇಳುವಾಗ ಗಿಟಾರನ್ನು ಬಿಟ್ಟು ಕೀಬೋರ್ಡನ್ನಷ್ಟೇ ಹಿಂಬಾಲಿಸಿ. ಗಿಲ್ಮರ್ ಬಿಡುವು ಕೊಟ್ಟಲ್ಲೆಲ್ಲ ರೈಟ್ ಇದ್ದಾರೆ.

ಇಷ್ಟಾದ ಮೇಲೆ 1978ರ ಮೊದಲ ಆಲ್ಬಮ್‌ಗೆ ಬನ್ನಿ. 'ರೇಸ್ ಮೈ ರೆಂಟ್' ಕೇಳುವಷ್ಟರಲ್ಲಿ ಆ ಬೆರಳಿನ ಗುರುತು ನಿಮಗೆ ಸಿಕ್ಕಿರುತ್ತದೆ.